ಮುಥೈಗಾದ ಚಹಾ ಕಪ್ಪುಗಳು

ನೈರೋಬಿಗೆ ಹೋಗಿ ಸಿಂಹ ನೋಡದೆ ಬಂದವಳು ನಾನೊಬ್ಬಳೇ ಇರಬೇಕು. ದಾವಣಗೆರೆಗೆ ಮರಳಿದ ಮೇಲೆ ಶಾಲೆಯ ಹುಡುಗಿಯರು, ಓಣಿಯ ಹೆಂಗಸರು, ಹಾಲು ಹಾಕುವವನು ಎಲ್ಲರೂ ಕೇಳಿದ್ದು ಸಿಂಹದ ಸುದ್ದಿಯನ್ನೇ. ಊರಿನ ಅಂಚಿನಲ್ಲೇ ಕಾಡಿದೆ, ಬೇಲಿಯ ಆಚೆ ಸಿಂಹಗಳಿವೆ ಎಂದು ನನಗೂ ಹೇಳಿದ್ದರು. ಒಂದು ಭಾನುವಾರ ಹೋಗೋಣ ಎಂದು ತಮ್ಮ ಗಿರೀಶ ಹೇಳುತ್ತಲೇ ಇದ್ದ. ಹೋಗಲಾಗಲಿಲ್ಲ. ಅಲ್ಲಿದ್ದಷ್ಟು ದಿನವೂ ನನ್ನ ಕಣ್ಣು ಅವನ ಕೈಯ ಮೇಲೆಯೇ ಇತ್ತು. ಅದನ್ನೇ ಬರೆಯುತ್ತೇನೆ.

ನಮ್ಮ ಯಜಮಾನರು ಹತ್ತಿ ಗಿರಣಿಯಲ್ಲಿ ಟೈಮ್ ಕೀಪರ್ ಆಗಿದ್ದರು. 1983ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಕುಡಿತದಿಂದ ಎಂದು ಬರೆಯಲು ಈಗ ಸಂಕೋಚವಿಲ್ಲ. ಆಗ ಮಾತ್ರ ಕೇಳಿದವರಿಗೆಲ್ಲ ಹೊಟ್ಟೆಯ ಕಾಯಿಲೆ ಎನ್ನುತ್ತಿದ್ದೆವು, ಕೇಳಿದವರೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಅವರು ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಹೊಲಿಗೆ ಯಂತ್ರ ಇಬ್ಬರೇ ಉಳಿದೆವು. ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಹೊಲಿಗೆ ಟೀಚರು, ಓದಿದ್ದು ಎಸ್ಸೆಸ್ಸೆಲ್ಸಿ. ಬೊಂಬಾಯಿಯನ್ನೂ ನೋಡಿದವಳಲ್ಲ. ವರ್ಷ ತುಂಬುವ ಮೊದಲೇ ಸಮುದ್ರ ದಾಟುತ್ತಾಳಂತೆ ಎಂದು ಯಜಮಾನರ ಕಡೆಯವರು ಮುಖ ಸಿಂಡರಿಸಿದರು. ಗಿರೀಶ ಕೇಳಲಿಲ್ಲ, ಟಿಕೆಟ್ಟು ಕಳಿಸಿಬಿಟ್ಟ. ನವೆಂಬರ್ ಕೊನೆಗೆ ಹೊರಟೆ.

ವಿಮಾನ ನಿಲ್ದಾಣ

ನನ್ನ ಚೀಲದಲ್ಲಿ ಮಂಡಕ್ಕಿ ಇತ್ತು. ದಾವಣಗೆರೆಯವರು ನೆಂಟರ ಮನೆಗೆ ಇನ್ನೇನು ಒಯ್ಯುತ್ತಾರೆ? ಕಸ್ಟಮ್ಸಿನ ಅಧಿಕಾರಿ ಎತ್ತರದ ಮನುಷ್ಯ, ಗಡಸು ಮುಖ. ಚೀಲವನ್ನು ಕೈಯಲ್ಲಿ ತೂಗಿ ನೋಡಿದ. ಅಷ್ಟು ದೊಡ್ಡ ಚೀಲ ಅಷ್ಟು ಹಗುರ ಇದ್ದದ್ದು ಅವನಿಗೆ ಸರಿ ಕಾಣಲಿಲ್ಲ. ಬಿಚ್ಚಿಸಿದ. ಬೆರಳಾಡಿಸಿದ. ಇನ್ನೊಬ್ಬನನ್ನು ಕರೆದು ತೋರಿಸಿದ. ನನ್ನ ಇಂಗ್ಲಿಷಿನಲ್ಲಿ ಅಕ್ಕಿಗೂ ಮಂಡಕ್ಕಿಗೂ ನಡುವೆ ಏನಾಗುತ್ತದೆ ಎಂದು ವಿವರಿಸುವಷ್ಟು ಶಕ್ತಿ ಇರಲಿಲ್ಲ. ಒಂದು ಮುಷ್ಟಿ ತೆಗೆದು ನಾನೇ ಬಾಯಿಗೆ ಹಾಕಿಕೊಂಡೆ. ಅವನೂ ನಾಲ್ಕು ಕಾಳು ಹಾಕಿಕೊಂಡು ಜಗಿದ, ಇದಕ್ಕೆ ರುಚಿಯೇ ಇಲ್ಲವಲ್ಲ ಎನ್ನುವಂತೆ ನನ್ನನ್ನು ನೋಡಿದ. "ಸವಾ, ಮಾಮಾ," ಎಂದು ಕೈ ಬೀಸಿ ಕಳಿಸಿದ. ಸವಾ ಎಂದರೆ ಸರಿ, ಆಯಿತು; ಮಾಮಾ ಎಂದರೆ ಅಮ್ಮ. ಅಲ್ಲಿಯ ಜನ ದಿನಕ್ಕೆ ಎಷ್ಟು ಸಲ ಈ ಮಾತನ್ನು ಆಡುತ್ತಾರೋ ದೇವರೇ ಬಲ್ಲ.

ಹೊರಗೆ ಗಿರೀಶ ನಿಂತಿದ್ದ. ನಾಲ್ಕು ವರ್ಷದ ಹಿಂದೆ ನೋಡಿದ್ದ ಗುಂಡು ಮುಖ ಇಳಿದುಹೋಗಿತ್ತು. ಬಗ್ಗಿ ಕಾಲು ಮುಟ್ಟಿ ಎದ್ದ. ಎದ್ದಾಗ ಅವನ ಬಾಯಿಂದ ಲವಂಗದ ವಾಸನೆ ಬಂತು.

ನಮ್ಮ ಯಜಮಾನರ ಅಂಗಿಯ ಜೇಬಿನಲ್ಲಿ ಯಾವಾಗಲೂ ಲವಂಗ ಇರುತ್ತಿತ್ತು. ಅವರು ಯಾಕೆ ಇಟ್ಟುಕೊಳ್ಳುತ್ತಿದ್ದರು ಎನ್ನುವುದು ನನಗೆ ಗೊತ್ತು. ನಿಲ್ದಾಣದಿಂದ ಮನೆಯವರೆಗೆ ಗಿರೀಶ ಬಲಕ್ಕೆ ತೋರಿಸಿದ, ಎಡಕ್ಕೆ ತೋರಿಸಿದ. ದಾರಿಯಲ್ಲಿ ಮಟಾಟು ಎನ್ನುವ ವ್ಯಾನುಗಳು ಬಾಗಿಲಿಗೆ ಜನ ನೇತಾಡಿಕೊಂಡು ನಮ್ಮ ಕಾರಿನ ಮೈಗೆ ತಾಗುವಂತೆ ಹಾಯ್ದು ಹೋದವು. ನಮ್ಮ ಟೆಂಪೋಗಳನ್ನು ನೋಡಿದವರಿಗೆ ಅದೇನೂ ಹೊಸದಲ್ಲ. ನಾನು ಹೂಂ ಹೂಂ ಎನ್ನುತ್ತ ಸ್ಟೀರಿಂಗಿನ ಮೇಲಿದ್ದ ಅವನ ಬೆರಳುಗಳನ್ನು ನೋಡುತ್ತಿದ್ದೆ. ನಡುಗುತ್ತಿರಲಿಲ್ಲ. ಅಷ್ಟಕ್ಕೇ ಸಮಾಧಾನವಾಗುವ ಕಾಲ ನನಗೆ ಮುಗಿದಿತ್ತು.

ರಿವರ್‌ಸೈಡ್

ಅವರ ಮನೆ ರಿವರ್‌ಸೈಡ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ, ಎರಡನೆಯ ಮಹಡಿ. ಬಾಗಿಲಿಗೆ ಕಬ್ಬಿಣದ ಗ್ರಿಲ್, ಮಲಗುವ ಕೋಣೆಗಳ ಕಡೆಗೆ ಹೋಗುವ ದಾರಿಗೆ ಮತ್ತೊಂದು ಗ್ರಿಲ್. ಹಿಂದಿನ ವರ್ಷ ಊರಿನಲ್ಲಿ ದೊಡ್ಡ ಗಲಾಟೆಯಾಗಿ ನಮ್ಮವರ ಅಂಗಡಿಗಳನ್ನೆಲ್ಲ ಲೂಟಿ ಮಾಡಿದ ಮೇಲೆ ಎಲ್ಲರೂ ಹೀಗೆ ಹಾಕಿಸಿದ್ದಾರಂತೆ. ಗಿರೀಶನ ಹೆಂಡತಿ ಸುಧಾ ಮಲಗುವ ಮುಂಚೆ ಎರಡೂ ಬೀಗಗಳನ್ನು ಎಳೆದು ನೋಡುತ್ತಿದ್ದಳು. ಅವರ ಮಗಳು ಅನಿತಾಳಿಗೆ ಎಂಟು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅತ್ತೆ, ಯು ಟಾಕ್ ಲೈಕ್ ಅಜ್ಜಿ," ಎಂದಳು. ಅಜ್ಜಿ ನನ್ನ ಅಮ್ಮನೇ ತಾನೆ, ಇನ್ಯಾರ ಹಾಗೆ ಮಾತಾಡಲಿ ಎಂದೆ. ಅದಕ್ಕೆ ಅವಳಿಗೆ ಬಹಳ ನಗು.

ಎರಡನೆಯ ದಿನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಸುಧಾಳನ್ನು ನೇರವಾಗಿ ಕೇಳಿದೆ, ಗಿರೀಶ ಕುಡಿಯುತ್ತಾನಾ ಎಂದು. ಅವಳು ಕ್ಲಿಪ್ಪುಗಳನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಒಂದೊಂದಾಗಿ ತೆಗೆದು ತಂತಿಗೆ ಸಿಕ್ಕಿಸಿದ ಮೇಲೆ ಮಾತಾಡಿದಳು.

"ಕುಡೀತಿದ್ರು ಅತ್ತಿಗೆ. ಬಿಟ್ಟಿದಾರೆ. ಆಗಸ್ಟ್‌ನಲ್ಲಿ ಬಾತ್‌ರೂಮಲ್ಲಿ ರಕ್ತ ವಾಂತಿ ಮಾಡ್ಕೊಂಡ್ರು. ಅವತ್ತಿಂದ ಮುಟ್ಟಿಲ್ಲ."

"ಲವಂಗ?"

"ಅದಾ? ಬಾಯಿಗೆ ಏನಾದ್ರೂ ಬೇಕಲ್ಲ, ಅದಕ್ಕೆ. ನೀವು ಬೇರೆ ಏನೋ ಅಂದ್ಕೊಂಡ್ರಾ?"

ಏನು ಅಂದುಕೊಂಡೆ ಎಂದು ಅವಳಿಗೂ ಗೊತ್ತಿತ್ತು. ಕುಡಿಯುವವನ ಬಾಯಿಯೂ ಬಿಟ್ಟವನ ಬಾಯಿಯೂ ಒಂದೇ ವಾಸನೆ ಬರುವುದಾದರೆ ಹೆಂಗಸರು ಯಾವುದನ್ನು ನಂಬಬೇಕು?

ಉಳಿದದ್ದನ್ನೂ ಅವಳೇ ಹೇಳಿದಳು. ಗಿರೀಶ ಬೋರ್‌ವೆಲ್ ಕೊರೆಸುವ ಒಂದು ಕಂಪನಿಯಲ್ಲಿ ಎಂಜಿನಿಯರು. ತಿಂಗಳಿನ ಅರ್ಧದಷ್ಟು ದಿನ ಉತ್ತರದ ಬರಡು ಸೀಮೆಯಲ್ಲಿ, ಟೆಂಟಿನಲ್ಲಿ. ಸಂಜೆಯಾದರೆ ಅಲ್ಲಿ ಬಾಟಲಿಗಳದೇ ಸಹವಾಸ. ಆಫೀಸಿನಲ್ಲಿ ಯಾರಿಗೂ ಲಿವರ್ ಕೆಟ್ಟಿರುವ ವಿಷಯ ಹೇಳಿಲ್ಲ, ಅಲ್ಸರ್ ಎಂದಿದ್ದಾನೆ. ಜನವರಿಗೆ ಅವನ ಕಾಂಟ್ರಾಕ್ಟು ಮುಗಿಯುತ್ತದೆ. ಮತ್ತೆ ಕೊಡುವುದು ಬಿಡುವುದು ದೊಡ್ಡ ಸಾಹೇಬರಾದ ವಾಲ್ಟರ್ ಎನ್ನುವ ಅಮೆರಿಕದವರ ಕೈಯಲ್ಲಿದೆ. ಕುಡಿದು ಲಿವರ್ ಕೆಡಿಸಿಕೊಂಡವನನ್ನು ಆಸ್ಪತ್ರೆಯಿಲ್ಲದ ಜಾಗಕ್ಕೆ ಯಾರು ಕಳಿಸುತ್ತಾರೆ? ಗೊತ್ತಾದರೆ ಮನೆಗೆ ಕಳಿಸುತ್ತಾರೆ.

ಕರೆನ್

ಶನಿವಾರ ಸುಧಾ ನನ್ನನ್ನು ಕರೆನ್ ಎನ್ನುವ ಕಡೆಗೆ ಕರೆದೊಯ್ದಳು. ಅದು ಊರ ಹೊರಗೆ, ದೊಡ್ಡ ದೊಡ್ಡ ತೋಟಗಳ ನಡುವೆ ಮನೆಗಳು. ರಸ್ತೆಯಲ್ಲಿ ನಡೆಯುವವರು ಕೆಲಸದವರು ಮಾತ್ರ. ಒಂದು ಮನೆಯಿಂದ ಸಕ್ಕರೆ ಸಾಲ ಕೇಳಲು ಪಕ್ಕದ ಮನೆಗೆ ಹೋಗಬೇಕಾದರೂ ಕಾರು ತೆಗೆಯಬೇಕು. ಇಲ್ಲಿ ಜಗಳ ಹೇಗೆ ಆಡುತ್ತಾರೆ ಎಂದು ಕೇಳಿದೆ. ಫೋನಿನಲ್ಲಿ ಎಂದಳು ಸುಧಾ.

ಗಿರೀಶನಿಗೆ ಔಷಧಿ ಕೊಡುತ್ತಿದ್ದ ಡಾಕ್ಟರು ಅಲ್ಲಿದ್ದರು. ಲವೀನಾ ಎಂದು ಹೆಸರು, ಮಂಗಳೂರಿನ ಕ್ರಿಶ್ಚಿಯನ್ನರು, ವಯಸ್ಸಾದವರು. ಗಂಡನ ಜೊತೆ ಕೊಂಕಣಿ, ತೋಟದವನ ಜೊತೆ ಸ್ವಾಹಿಲಿ, ನನ್ನ ಜೊತೆ ಅವರ ಕಡೆಯ ಕನ್ನಡ. ನನ್ನ ಬರಿ ಹಣೆ ನೋಡಿ ಏನೂ ಕೇಳಲಿಲ್ಲ. ಸುಧಾ ಮೊದಲೇ ಹೇಳಿರಬೇಕು.

"ನೋಡಿ ಅಕ್ಕ, ನಾನು ಸುಳ್ಳು ಹೇಳುದಿಲ್ಲ," ಎಂದರು. "ನಮ್ಮಲ್ಲಿ ಮದುವೆಗೆ ವೈನ್ ಇಲ್ಲದೆ ಆಗುದೇ ಇಲ್ಲ. ನಾನೂ ತಗೊಳ್ತೇನೆ. ಕುಡಿಯುವವರೆಲ್ಲ ಸಾಯುದಿಲ್ಲ ಮಾರಾಯ್ರೆ. ಆದ್ರೆ ನಿಮ್ಮ ತಮ್ಮನಿಗೆ ಇನ್ನು ಆಗುದಿಲ್ಲ."

ಒಂದೇ ಗುಟುಕು ಆದರೆ ಎಂದು ಕೇಳಿದೆ.

"ಒಂದು ಗುಟುಕಿಗೆ ಯಾರೂ ಸಾಯುದಿಲ್ಲ. ಒಂದು ಗುಟುಕಿಗೆ ಅವರು ನಿಲ್ಲಿಸುದಿಲ್ಲ. ಅಷ್ಟೇ ವಿಷಯ. ಮತ್ತೆ ಶುರು ಮಾಡಿದ್ರೆ ಈ ಸಲ ನನ್ನ ಹತ್ರ ತರ್ಲಿಕ್ಕೆ ಟೈಮ್ ಸಿಗುದು ಸಂಶಯ."

ಹೊರಡುವಾಗ ಅವರ ತೋಟದ ನಿಂಬೆಹಣ್ಣುಗಳನ್ನು ಚೀಲದ ತುಂಬ ಕೊಟ್ಟರು. ಮನೆಗೆ ಬಂದರೆ ಗಿರೀಶ ಬಹಳ ಉತ್ಸಾಹದಲ್ಲಿದ್ದ. ಆ ಉತ್ಸಾಹ ನನಗೆ ಹಿಡಿಸಲಿಲ್ಲ. ಸೋಮವಾರ ಸಂಜೆ ವಾಲ್ಟರ್ ಸಾಹೇಬರ ಮನೆಯಲ್ಲಿ ದೊಡ್ಡ ಪಾರ್ಟಿ, ಅಕ್ಕನನ್ನೂ ಕರೆದುಕೊಂಡು ಬಾ ಎಂದು ಫೋನ್ ಮಾಡಿದ್ದಾರೆ ಎಂದ.

ಏನು ವಿಶೇಷ ಎಂದು ಕೇಳಿದೆ. ಅವನು ಸುಧಾಳ ಮುಖ ನೋಡಿದ. ಅಮೆರಿಕದಲ್ಲಿ ಹಿಂದೆ ಹೆಂಡ ಸಾರಾಯಿ ಎಲ್ಲವನ್ನೂ ಬಂದ್ ಮಾಡಿದ್ದರಂತೆ. ಆ ಕಾನೂನನ್ನು ತೆಗೆದುಹಾಕಿ ಸೋಮವಾರಕ್ಕೆ ಸರಿಯಾಗಿ ಐವತ್ತು ವರ್ಷ. ಸಾಹೇಬರು ಪ್ರತಿ ವರ್ಷವೂ ಈ ದಿನವನ್ನು ಆಚರಿಸುತ್ತಾರೆ, ಈ ಸಲ ಇನ್ನೂ ಜೋರು.

ಸುಧಾ ನಿಂಬೆಹಣ್ಣಿನ ಚೀಲವನ್ನು ಮೇಜಿನ ಮೇಲೆ ಇಟ್ಟು ಒಳಗೆ ಹೋದಳು. ಹೋಗದೇ ಇದ್ದರೆ ಆಗುವುದಿಲ್ಲವಾ ಎಂದೆ. ಜನವರಿ ಎದುರಿಗಿದೆ ಅಕ್ಕ ಎಂದನು.

ಸೋಮವಾರ ಬೆಳಿಗ್ಗೆ

ಮನೆಗೆಲಸಕ್ಕೆ ಬರುವ ವಂಜಿರು ಆ ದಿನ ತಡವಾಗಿ ಬಂದಳು. ಯಾವಾಗಲೂ ಹಾಡಿಕೊಂಡು ನೆಲ ಒರೆಸುವವಳು ಸುಮ್ಮನೆ ಒರೆಸುತ್ತಿದ್ದಳು. ಕೇಳಿದಾಗ ಹೇಳಿದಳು, ಸುಧಾ ನನಗೆ ಕನ್ನಡದಲ್ಲಿ ತಿಳಿಸಿದಳು. ಅವರ ಕೇರಿಗೆ ಬೆಳಗಾಗುತ್ತಲೇ ಪೊಲೀಸರು ಬಂದಿದ್ದರು. ಅಲ್ಲಿ ಚಾಂಗಾ ಎಂದು ಮನೆಯಲ್ಲೇ ಭಟ್ಟಿ ಇಳಿಸುತ್ತಾರೆ, ನಮ್ಮ ಕಳ್ಳಭಟ್ಟಿಯ ಹಾಗೆ. ಸರಕಾರ ಅದನ್ನು ನಿಷೇಧಿಸಿದೆ. ವಂಜಿರುವಿನ ನಾದಿನಿಯ ಡ್ರಮ್ಮನ್ನು ಚರಂಡಿಗೆ ಚೆಲ್ಲಿ ಅವಳನ್ನು ಲಾರಿಗೆ ಹತ್ತಿಸಿದ್ದಾರೆ. ಅವಳ ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇವಳು ಕೆಲಸಕ್ಕೆ ಬಂದಿದ್ದಾಳೆ.

ನನಗೆ ಏನನ್ನಿಸಬೇಕೆಂದು ತಿಳಿಯಲಿಲ್ಲ. ನಮ್ಮ ಕಡೆಯೂ ಒಂದು ಕಾಲದಲ್ಲಿ ಪಾನನಿರೋಧ ಇತ್ತು. ನನ್ನ ಮದುವೆಯಾದ ಹೊಸತರಲ್ಲಿ ಅದನ್ನು ತೆಗೆದರು. ನಮ್ಮ ಓಣಿಯ ತುದಿಯಲ್ಲಿ ಅಂಗಡಿ ತೆರೆದ ದಿನ ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ ಕಟ್ಟಿದ್ದರು, ತೆಂಗಿನಕಾಯಿ ಒಡೆದಿದ್ದರು. ಯಾರದೋ ಮನೆಯ ಗೃಹಪ್ರವೇಶ ಎಂದುಕೊಂಡು ನಾನು ನಿಂತು ನೋಡಿದ್ದೆ. ಅದಕ್ಕೂ ಮೊದಲು ನಮ್ಮ ಯಜಮಾನರು ಕುಡಿಯುತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕದ್ದು ಕುಡಿಯುತ್ತಿದ್ದರು. ಅಂಗಡಿ ಬಂದ ಮೇಲೆ ದಾರಿ ಹತ್ತಿರವಾಯಿತು. ಕಾನೂನು ಇದ್ದಾಗ ಹೀಗೆ, ಇಲ್ಲದಾಗ ಹಾಗೆ. ನೆಲ ಒರೆಸುವ ಹೆಂಗಸಿಗೆ ಎರಡರಿಂದಲೂ ಏನು ಬಂತು ಎಂದು ಯೋಚಿಸುತ್ತಿದ್ದೆ. ವಂಜಿರು ಎದ್ದು ನಿಂತು ನನ್ನನ್ನೇ ಸಮಾಧಾನ ಮಾಡುವವಳ ಹಾಗೆ "ಪೋಲೆ, ಮಾಮಾ," ಎಂದಳು. ಬೇಸರ ಮಾಡಿಕೊಳ್ಳಬೇಡಿ ಎಂದರ್ಥವಂತೆ.

ಮುಥೈಗಾ

ಐದು ಗಂಟೆಗೆ ಹೊರಟೆವು. ಅನಿತಾಳನ್ನು ವಂಜಿರುವಿನ ಬಳಿ ಬಿಟ್ಟೆವು. ಹನ್ನೆರಡನೆಯ ತಾರೀಕು ಅವರ ಸ್ವಾತಂತ್ರ್ಯಕ್ಕೆ ಇಪ್ಪತ್ತು ವರ್ಷ ತುಂಬುವುದಿತ್ತು. ರಸ್ತೆಯ ಕಂಬಗಳಿಗೆಲ್ಲ ಬಾವುಟ ಕಟ್ಟುತ್ತಿದ್ದರು. ಗಿರೀಶ ಒಂದರ ಮೇಲೊಂದು ಲವಂಗ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಮುಥೈಗಾ ರಾಯಭಾರಿಗಳು, ದೊಡ್ಡವರು ಇರುವ ಜಾಗ. ಮನೆಗಳು ಕಾಣುವುದಿಲ್ಲ, ಬೇಲಿಯ ಗಿಡಗಳೇ ಕಾಣುತ್ತವೆ. ಸಾಹೇಬರ ಮನೆಯ ಬಾಗಿಲನ್ನು ಆ ದಿನಕ್ಕಾಗಿ ಬದಲಾಯಿಸಿದ್ದರು. ಹಲಗೆಯಲ್ಲಿ ಒಂದು ಕಿಂಡಿ ಕೊರೆಸಿದ್ದರು. ಆ ಕಾಲದಲ್ಲಿ ಅಮೆರಿಕದಲ್ಲಿ ಕದ್ದು ಕುಡಿಯುವ ಮನೆಗಳಿಗೆ ಹೀಗೆ ಕಿಂಡಿ ಇರುತ್ತಿತ್ತಂತೆ. ಗುಟ್ಟಿನ ಮಾತು ಹೇಳಿದರೆ ಮಾತ್ರ ಒಳಗೆ. ಫೋನಿನಲ್ಲಿ ಹೇಳಿದ್ದ ಆ ಮಾತನ್ನು ಸುಧಾ ಕಾರಿನಲ್ಲಿ ನನಗೂ ಕಲಿಸಿದ್ದಳು. ಕಿಂಡಿ ತೆರೆದು ಕಾವಲಿನವನ ಕಣ್ಣುಗಳು ಕಂಡವು. ಗಿರೀಶ ಬಾಯಿ ತೆರೆದ, ಮಾತು ಹೊರಡಲಿಲ್ಲ. ಮರೆತುಹೋಗಿತ್ತು. ಹಿಂದೆ ಇನ್ನೊಂದು ಕಾರು ಬಂದು ನಿಂತಿತು. ಆಗ ನಾನೇ ನನ್ನ ಶಾಲೆಯ ಇಂಗ್ಲಿಷಿನಲ್ಲಿ, ಅಜ್ಜಿಗೆ ಔಷಧಿ ಬೇಕಾಗಿದೆ ಎಂದೆ. ಒಳಗಿದ್ದವರು ಕೇಳಿಸಿಕೊಂಡು ಚಪ್ಪಾಳೆ ತಟ್ಟಿದರು. ಬಿಳಿ ಸೀರೆಯ ಹೆಂಗಸಿನ ಬಾಯಲ್ಲಿ ಆ ಮಾತು ಅವರಿಗೆ ತಮಾಷೆಯಾಗಿ ಕೇಳಿಸಿರಬೇಕು. ನಾನು ಚಪ್ಪಲಿ ಎಲ್ಲಿ ಬಿಡುವುದೆಂದು ಹುಡುಕಿದೆ. ಅಲ್ಲಿ ಯಾರೂ ಬಿಡುವುದಿಲ್ಲ.

ಒಳಗೆ ಮೂವತ್ತು ನಲವತ್ತು ಜನ. ಎಲ್ಲರ ಕೈಯಲ್ಲೂ ಚಹಾ ಕಪ್ಪು. ಒಂದೂ ಗಾಜಿನ ಲೋಟ ಇಲ್ಲ. ಪೊಲೀಸರು ಬಂದರೆ ಚಹಾ ಕುಡಿಯುತ್ತಿದ್ದೇವೆ ಎನ್ನಲು ಆ ಕಾಲದವರು ಹೀಗೆ ಕುಡಿಯುತ್ತಿದ್ದರಂತೆ. ಗಾಜಿನ ಲೋಟವಾದರೆ ದೂರದಿಂದ ಬಣ್ಣ ನೋಡಿ ತಿಳಿಯಬಹುದಿತ್ತು. ಬಿಳಿ ಪಿಂಗಾಣಿಯ ಕಪ್ಪಿನೊಳಗೆ ಏನಿದೆ ಎಂದು ಹೇಗೆ ಕಾಣುತ್ತದೆ?

ಗಿರೀಶ ಜನರ ನಡುವೆ ಸೇರಿಹೋದ. ಸುಧಾ ಮತ್ತು ನಾನು ಗೋಡೆಯ ಪಕ್ಕ ಕುಳಿತೆವು. ಬೂದು ಕೋಟಿನ ವಯಸ್ಸಾದ ಅಡುಗೆಯವನು ಎರಡು ಟೀಪಾಟುಗಳನ್ನು ಹಿಡಿದು ಓಡಾಡುತ್ತಿದ್ದ. ಎರಡಕ್ಕೂ ಉಣ್ಣೆಯಲ್ಲಿ ಹೆಣೆದ ಟೋಪಿ, ಒಂದು ಕಂದು, ಒಂದು ಹಸಿರು. ನಮಗೆ "ಚಾಯ್" ಎಂದು ಹೇಳಿ ಕಂದು ಟೋಪಿಯದರಿಂದ ಬಗ್ಗಿಸಿದ. ಚಹಾ ಬಿಸಿಯಾಗಿತ್ತು. ಹಾಗಾದರೆ ಹಸಿರು ಇನ್ನೊಂದು. ಅಲ್ಲಿಂದ ಮುಂದೆ ನಾನು ಗಿರೀಶನ ಮುಖವನ್ನು ಬಿಟ್ಟು ಉಣ್ಣೆಯ ಬಣ್ಣವನ್ನೇ ನೋಡುತ್ತ ಕುಳಿತೆ.

ಅವನ ಕಪ್ಪಿಗೆ ಒಂದು ಸಲ ಕಂದು ಬಂತು. ಅವನ ಆಫೀಸಿನ ಒಡಿಯಾಂಬೊ ಎನ್ನುವವರು, ದೊಡ್ಡ ದನಿಯ ಮನುಷ್ಯ, ಅವನ ಹೆಗಲ ಮೇಲೆ ಕೈ ಹಾಕಿ ಹಸಿರು ಪಾಟಿಗಾಗಿ ಅಡುಗೆಯವನನ್ನು ಕರೆದರು. ಗಿರೀಶ ಹೊಟ್ಟೆ ಮುಟ್ಟಿ ತೋರಿಸಿದ. ಅವರು ಇತ್ತ ಸುಧಾಳನ್ನು ನೋಡಿ ಎಲ್ಲರಿಗೂ ಕೇಳುವಂತೆ, "ನಿನ್ನ ಅಲ್ಸರಿಗೆ ನಿನ್ನ ಹೆಂಡತಿಯೇ ಡಾಕ್ಟರ್ ಇರಬೇಕು," ಎಂದರು. ಸುತ್ತಲಿದ್ದವರು ನಕ್ಕರು. ಸುಧಾ ಕೂಡ ನಗಬೇಕಾಯಿತು. ಇಬ್ಬರು ಮೂವರು ಅಡ್ಡ ಬಂದರು. ಅವರು ಸರಿದಾಗ ಗಿರೀಶನ ಕಪ್ಪು ತುಂಬಿತ್ತು. ಯಾವುದರಿಂದ ತುಂಬಿತು ಎಂದು ನಾನು ನೋಡಿರಲಿಲ್ಲ. ಸುಧಾಳೂ ನೋಡಿರಲಿಲ್ಲ. ಅವನು ಎತ್ತಿ ಕುಡಿದ. ನನ್ನ ಕಪ್ಪನ್ನು ಕೆಳಗಿಟ್ಟೆ. ಎದ್ದು ಅವನ ಹತ್ತಿರ ಹೋದೆ, ಏನೋ ಕೇಳುವವಳ ಹಾಗೆ. ಕಪ್ಪಿನಿಂದ ಹಬೆ ಏಳುತ್ತಿತ್ತು. ಚಹಾ. ಅವನು ನನ್ನನ್ನು ನೋಡಿ, ನಾನು ಯಾಕೆ ಬಂದೆ ಎಂದು ತಿಳಿದು, ಮುಖ ತಿರುಗಿಸಿದ. ನಾನು ಹಿಂದಕ್ಕೆ ಹೋಗಲಿಲ್ಲ. ಅಲ್ಲೇ ನಿಂತೆ.

ಆಗ ವಾಲ್ಟರ್ ಸಾಹೇಬರು ಒಂದು ಬೆಳ್ಳಿಯ ಟೀಪಾಟನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ಅದಕ್ಕೆ ಟೋಪಿ ಇರಲಿಲ್ಲ. ಎಲ್ಲರೂ ಮಾತು ನಿಲ್ಲಿಸಿದರು. ಉದ್ದನೆಯ, ಸ್ವಲ್ಪ ಬಾಗಿದ ಮನುಷ್ಯ, ಮೆಲುದನಿ. ಅವರು ಹೇಳಿದ್ದನ್ನು ಸುಧಾ ಎದ್ದು ಬಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಅವರ ತಂದೆ ರೈತರಾಗಿದ್ದರು. ಕದ್ದು ವಿಸ್ಕಿ ಇಳಿಸಿ ಮಾರಿ ಸಿಕ್ಕಿಬಿದ್ದು ಜೈಲಿಗೆ ಹೋದರು. ಕಾನೂನು ರದ್ದಾದ ಮೇಲೆ ಬಿಟ್ಟರು. ಅವರು ಮನೆಯ ಬಾಗಿಲಿಗೆ ಬಂದಾಗ ವಾಲ್ಟರ್‌ಗೆ ಏಳು ವರ್ಷ. ಗುರುತು ಸಿಗದೆ ತಾಯಿಯ ಹಿಂದೆ ಅಡಗಿಕೊಂಡರಂತೆ. ತಾಯಿ ನೆರೆಯವರನ್ನೆಲ್ಲ ಕರೆದು, ಮನೆಯಲ್ಲಿ ಲೋಟಗಳಿರಲಿಲ್ಲವಾದ್ದರಿಂದ ಚಹಾ ಕಪ್ಪಿನಲ್ಲೇ ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟರು. ಇದು ಅದೇ ಪಾಟು. ಪ್ರತಿ ವರ್ಷ ಇದೇ ದಿನ ಅವರು ತಮ್ಮ ಕೈಯಿಂದಲೇ ಬಗ್ಗಿಸುತ್ತಾರೆ, ಯಾರೂ ಬೇಡವೆನ್ನುವುದಿಲ್ಲ. ಕಳೆದ ವರ್ಷ ಒಬ್ಬ ಪಾದ್ರಿ ಕೂಡ ಕುಡಿದರಂತೆ. ಹೆಂಗಸರಿಗೆ ಬೇಕಾದರೆ ಚಹಾ ಆದೀತು ಎಂದು ನಮ್ಮ ಕಡೆ ನೋಡಿ ನಕ್ಕರು.

ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಕಾನೂನು ಹೋದದ್ದರಿಂದಲೇ ಅವರ ಮನೆಗೆ ತಂದೆ ಬಂದಿದ್ದರು. ಐವತ್ತು ವರ್ಷವಾದರೂ ಆ ಬಾಗಿಲನ್ನು ಅವರು ಮರೆತಿಲ್ಲ. ಅದರಲ್ಲಿ ತಪ್ಪೇನು?

ಅವರು ಒಬ್ಬೊಬ್ಬರಿಗೂ ಬಗ್ಗಿಸುತ್ತ ಬಂದರು. ಪ್ರತಿಯೊಬ್ಬರ ಹೆಸರನ್ನೂ ಹೇಳಿ ಬಗ್ಗಿಸುತ್ತಿದ್ದರು. ಒಡಿಯಾಂಬೊಗೆ ಆಯಿತು. "ಗಿರೀಶ್," ಎಂದರು. ಗಿರೀಶ ಉಳಿದಿದ್ದ ಚಹಾವನ್ನು ಕುಡಿದು ಮುಗಿಸಿ ಕಪ್ಪನ್ನು ಮುಂದೆ ಹಿಡಿದ. ಹಿಡಿಯುತ್ತಾನೆ ಎಂದು ನನಗೆ ಅಲ್ಲಿಯವರೆಗೂ ನಂಬಿಕೆ ಇರಲಿಲ್ಲ.

ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಸಾಕಾದರೆ ನಾವು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ ನಾನು ಅವನ ಕಪ್ಪಿನ ಮೇಲೆ ಅಂಗೈ ಇಟ್ಟುಬಿಟ್ಟೆ. ಯೋಚಿಸಿ ಇಟ್ಟದ್ದಲ್ಲ. ಸಾಹೇಬರು ಆಗಲೇ ಪಾಟನ್ನು ಬಗ್ಗಿಸಿದ್ದರು. ಟೀಪಾಟಲ್ಲವೇ, ಬಿಸಿ ಇರುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದೆ. ತಣ್ಣಗಿತ್ತು. ಬೆರಳ ಸಂದಿನಿಂದ ಇಳಿದು, ಮುಂಗೈ ದಾಟಿ, ಸೀರೆಯ ಮೇಲೆಲ್ಲ ಸುರಿಯಿತು. ನಮ್ಮ ಮನೆಯ ವಾಸನೆ ಮೂಗಿಗೆ ಬಂತು.

"ಅಕ್ಕ, ಕೈ ತೆಗಿ," ಎಂದ ಗಿರೀಶ, ತುಟಿ ಅಲ್ಲಾಡಿಸದೆ.

"ತೆಗೆಯಲ್ಲ."

"ಎಲ್ರೂ ನೋಡ್ತಿದಾರೆ."

"ನೋಡ್ಲಿ."

ಸಾಹೇಬರು ಗಾಬರಿಯಾಗಿ, ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಗಿರೀಶ ಇಂಗ್ಲಿಷಿನಲ್ಲಿ ಹೇಳಿದ. ನಿಧಾನವಾಗಿ ಹೇಳಿದ್ದರಿಂದ ನನಗೂ ತಿಳಿಯಿತು. ಅಕ್ಕನ ಗಂಡ ತೀರಿಕೊಂಡು ವರ್ಷ ತುಂಬಿಲ್ಲ. ನಮ್ಮಲ್ಲಿ ಆ ವರ್ಷ ಮನೆಯ ಗಂಡಸರು ಕುಡಿಯಬಾರದೆಂಬ ಪದ್ಧತಿ ಇದೆ. ನಾನು ಮರೆತಿದ್ದೆ, ಕ್ಷಮಿಸಿ ಎಂದ. ಅಂಥ ಪದ್ಧತಿ ನಮ್ಮಲ್ಲಿ ಎಲ್ಲಿಯೂ ಇಲ್ಲ. ಕುಡಿಯುವವರು ಸಾವಿನ ಮನೆಯಿಂದ ಬಂದ ದಿನವೇ ಕುಡಿಯುತ್ತಾರೆ. ಆದರೂ ಅವನ ಕೆಲಸ ಉಳಿಯಿತಲ್ಲ ಎಂದು ನಾನು ಉಸಿರು ಬಿಟ್ಟೆ.

ಸಾಹೇಬರ ಮುಖ ಮೃದುವಾಯಿತು. ಜೇಬಿನಿಂದ ಕರವಸ್ತ್ರ ತೆಗೆದು ನನಗೆ ಕೊಟ್ಟರು. "ಪೋಲೆ ಸಾನಾ, ಮಾಮಾ," ಎಂದರು. ಆಮೇಲೆ ಆ ವರ್ಷ ಯಾವಾಗ ಮುಗಿಯುತ್ತದೆ ಎಂದು ವಿಚಾರಿಸಿದರು. ಏಪ್ರಿಲ್‌ಗೆ ಎಂದ ಗಿರೀಶ.

"ಹಾಗಾದರೆ ಇದರಲ್ಲಿ ನಮ್ಮಿಬ್ಬರಿಗೆ ಆಗುವಷ್ಟು ತೆಗೆದಿಡುತ್ತೇನೆ," ಎಂದರು ಸಾಹೇಬರು. "ಏಪ್ರಿಲ್‌ನಲ್ಲಿ ನಾವಿಬ್ಬರೂ ನಿನ್ನ ಭಾವನ ಹೆಸರಿನಲ್ಲಿ ಕುಡಿಯೋಣ."

ಅವರ ಮಟ್ಟಿಗೆ ಅದು ದೊಡ್ಡ ಮರ್ಯಾದೆ. ತಂದೆಯ ಪಾಟಿನಿಂದ ಇನ್ನೊಬ್ಬ ಸತ್ತವನಿಗೂ ಒಂದು ಪಾಲು. ಗಿರೀಶ ಥ್ಯಾಂಕ್ಸ್ ಎಂದಿದ್ದರೆ ಮುಗಿಯುತ್ತಿತ್ತು. ಎಲ್ಲರೂ ಅದನ್ನೇ ಕಾಯುತ್ತಿದ್ದರು. ಅವನು ಕಪ್ಪನ್ನೂ ಅದರ ಮೇಲಿದ್ದ ನನ್ನ ಒದ್ದೆ ಕೈಯನ್ನೂ ನೋಡುತ್ತ ನಿಂತ.

"ಬೇಡ ಸರ್," ಎಂದ. "ಭಾವನ ಹೆಸರಿನಲ್ಲಿ ಬೇಡ. ಅವರು ಸತ್ತದ್ದು ಇದರಿಂದಲೇ. ನನಗಿರುವುದು ಅಲ್ಸರ್ ಅಲ್ಲ, ಲಿವರ್. ಏಪ್ರಿಲ್ ಆದರೂ ಅಷ್ಟೇ, ಯಾವಾಗಾದರೂ ಅಷ್ಟೇ."

ಸುಧಾ ಕನ್ನಡಕ್ಕೆ ತಿರುಗಿಸಲಿಲ್ಲ. ಬೇಕಾಗಿರಲಿಲ್ಲ. ಒಡಿಯಾಂಬೊ ತಮ್ಮ ಕಪ್ಪನ್ನು ಕೆಳಗಿಳಿಸಿ ನೆಲ ನೋಡಿದರು. ಸಾಹೇಬರು ಬಹಳ ಹೊತ್ತು ಗಿರೀಶನನ್ನೇ ನೋಡಿದರು. ಟೆಂಟಿನಲ್ಲಿ ಜೊತೆಗೆ ಕಳೆದ ಸಂಜೆಗಳನ್ನೆಲ್ಲ ನೆನೆಸಿಕೊಳ್ಳುತ್ತಿದ್ದರೋ ಏನೋ. ಆಮೇಲೆ ಮುಂದಿನವರ ಕಪ್ಪಿಗೆ ಹೋದರು. ಕೊನೆಗೆ ಎಲ್ಲರೂ ಕಪ್ಪು ಎತ್ತಿ ಅವರ ತಂದೆಯ ಹೆಸರು ಹೇಳಿ ಕುಡಿದರು. ಗಿರೀಶನೂ ಖಾಲಿ ಕಪ್ಪನ್ನು ಎತ್ತಿದ. ಹೊರಡುವಾಗ ಬಾಗಿಲಿನಲ್ಲಿ ಸಾಹೇಬರು ಅವನ ಕೈ ಕುಲುಕಿ, ನಾಳೆ ಬೆಳಿಗ್ಗೆ ನನ್ನ ರೂಮಿಗೆ ಬಾ ಎಂದರು, ಅಷ್ಟೇ.

ಹಿಂದಿರುಗುವ ದಾರಿ

ಮರುದಿನ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲಸ ಹೋಗಲಿಲ್ಲ. ಉತ್ತರದ ಕ್ಯಾಂಪಿಗೆ ಹೋಗುವುದು ಬೇಡ, ನೈರೋಬಿಯಲ್ಲೇ ನಕ್ಷೆ ಮಾಡುವ ಕಡೆ ಕೂತುಕೋ ಎಂದರು. ಸಂಬಳ ಕಡಿಮೆ, ಕಾಂಟ್ರಾಕ್ಟು ಎರಡು ವರ್ಷದ ಬದಲು ಆರೇ ತಿಂಗಳು. ಗಿರೀಶನಿಗೆ ಅದು ಅವಮಾನವಾಗಿತ್ತು. ನಾನು ಅಲ್ಲಿದ್ದ ಉಳಿದ ದಿನಗಳ ಮಟ್ಟಿಗೆ ಅವನು ಕುಡಿಯಲಿಲ್ಲ. ಅಷ್ಟನ್ನು ಖಚಿತವಾಗಿ ಹೇಳಬಲ್ಲೆ.

ಆದರೆ ಆ ಸಂಜೆ ಕಾರಿನಲ್ಲಿ ಕುಳಿತಾಗ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಅಲ್ಲಿ ಮುಸ್ಸಂಜೆ ಎನ್ನುವುದು ಇಲ್ಲ. ಸೂರ್ಯ ಇಳಿದನೆಂದರೆ ಯಾರೋ ಬಾಗಿಲು ಹಾಕಿದ ಹಾಗೆ ಕತ್ತಲೆ. ಸುಧಾ ಸ್ಟೀರಿಂಗ್ ಹಿಡಿದಿದ್ದಳು, ಗಿರೀಶ ಅವಳ ಪಕ್ಕದಲ್ಲಿ, ನಾನು ಹಿಂದೆ. ಸೀರೆ ಒದ್ದೆಯಾಗಿ ಕಾಲಿಗೆ ಅಂಟಿತ್ತು. ಕಾರಿನ ತುಂಬ ಅದೇ ವಾಸನೆ. ಸುಧಾ ತನ್ನ ಕಡೆಯ ಕಿಟಕಿ ಇಳಿಸಿದಳು.

ಎಲ್ಲರೆದುರಿಗೆ ಮಾನ ಕಳೆದೆ ಎಂದು ಅವನು ಬೈಯುವುದನ್ನೇ ನಾನು ಕಾಯುತ್ತಿದ್ದೆ. ಒಂದು ವೃತ್ತದಲ್ಲಿ ಮಟಾಟುಗಳು ಮುಂದಕ್ಕೆ ಬಿಡದೆ ಕಾರು ನಿಂತಾಗ ಅವನು ಹಿಂದಕ್ಕೆ ತಿರುಗದೆ ಕೇಳಿದ.

"ಅಕ್ಕ, ಭಾವಂಗೆ ಯಾರೂ ಹೀಗೆ ಕೈ ಅಡ್ಡ ಹಿಡೀಲಿಲ್ವಾ?"

ಯಜಮಾನರು ಹೋದ ಮೇಲೆ ಅವರ ಬಗ್ಗೆ ನನ್ನನ್ನು ಬಹಳ ಜನ ಬಹಳ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಹಿಡಿದಿದ್ದೆ ಕಣೋ," ಎಂದೆ. "ಎಷ್ಟೋ ಸಲ. ಅವರು ನನ್ನ ಕೈ ಎತ್ತಿ ಪಕ್ಕಕ್ಕಿಟ್ಟು ಕುಡಿಯೋರು. ನೀನು ಬಾಯಲ್ಲಷ್ಟೇ ಕೈ ತೆಗಿ ಅಂದೆ. ಕೈಯಿಂದ ತೆಗೀಲಿಲ್ಲ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಸುಧಾ ಮುಂದಕ್ಕೆ ಬಿಟ್ಟಳು.